ಪಾರ್ವತೀಬಾಯಿಯ ಮೂರನೆಯ ಬಾಟಲಿ

ಕಲಬುರಗಿಯ ಒಂದು ಖಾಸಗಿ ಪರೀಕ್ಷಾಲಯದಲ್ಲಿ ಪಾರ್ವತೀಬಾಯಿಯವರಿಗೆ ಇದ್ದ ಕೆಲಸ ಒಂದೇ, ಗಾಜು ತೊಳೆಯುವುದು. ಕೇಳಿದವರು "ಅಷ್ಟೇ ಏನ್ರೀ?" ಎನ್ನುತ್ತಿದ್ದರು. ಹೌದು, ಅಷ್ಟೇ. ಆದರೆ ಆ ಅಷ್ಟನ್ನೇ ಇಪ್ಪತ್ತೆರಡು ವರ್ಷ ಮುಖ ಗಂಟಿಕ್ಕದೆ ಮಾಡುವುದಕ್ಕೆ ಎಂಟೆದೆ ಬೇಕು. ಮೊದಲು ಸಾಬೂನು, ಆಮೇಲೆ ನಳದ ನೀರು, ಆಮೇಲೆ ಬಟ್ಟಿಯಿಳಿಸಿದ ನೀರು, ಅದರ ಮೇಲೆ ಎಣ್ಣೆಯನ್ನು ಕರಗಿಸುವ ಎರಡು ಬಗೆಯ ದ್ರವ, ಕೊನೆಗೆ ಕಾದ ಒಲೆಯೊಳಗೆ ಒಂದಿಡೀ ಮಧ್ಯಾಹ್ನ. ಹೊರಬಂದ ಬಾಟಲಿಯ ಬಾಯಿಗೆ ಬೆಳ್ಳಿಯಂಥ ಹಾಳೆ ಸುತ್ತಿ, ಬರಿಗೈಯ ಒಂದು ಬೆರಳೂ ತಾಗದಂತೆ ಕಪಾಟಿನಲ್ಲಿ ಇಡಬೇಕು. ಒಂದು ಮೆಟ್ಟಿಲು ತಪ್ಪಿದರೂ ಮತ್ತೆ ಸಾಬೂನಿನಿಂದ ಶುರು. ಬೇರೆಯವರಾಗಿದ್ದರೆ ಎಂದೋ ಕೈ ಮುಗಿದು ಹೋಗುತ್ತಿದ್ದರು. ಪಾರ್ವತೀಬಾಯಿ ಮೂವತ್ತಾರರಲ್ಲಿ ಬಂದವರು ಐವತ್ತೆಂಟಾದರೂ ಅಲ್ಲೇ ಇದ್ದರು.

ಆ ಪರೀಕ್ಷಾಲಯಕ್ಕೆ ದಾಲ್ ಮಿಲ್ಲಿನವರು ತೊಗರಿಬೇಳೆ ತರುತ್ತಿದ್ದರು, ಸೂಪರ್ ಮಾರ್ಕೆಟ್ ಪೇಟೆಯ ವ್ಯಾಪಾರಿಗಳು ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ತರುತ್ತಿದ್ದರು. ಒಳಗಿದ್ದ ದೊಡ್ಡ ಯಂತ್ರ ಎಣ್ಣೆಯ ಒಂದು ಹನಿಯನ್ನು ಅದರೊಳಗಿನ ನೂರಾರು ಪದಾರ್ಥಗಳಾಗಿ ಬಿಡಿಸಿ, ಒಂದೊಂದಕ್ಕೂ ಕಾಗದದ ಮೇಲೆ ಒಂದೊಂದು ಗುಡ್ಡ ಬರೆಯುತ್ತಿತ್ತು. ಶೇಂಗಾ ಎಣ್ಣೆಯ ಗುಡ್ಡಸಾಲು ಒಂದು ತರಹ, ಕುಸುಬಿಯದು ಇನ್ನೊಂದು ತರಹ. ಎಷ್ಟೇ ಕಲಬೆರಕೆ ಮಾಡಿದರೂ ಗುಡ್ಡ ಸುಳ್ಳು ಹೇಳುವುದಿಲ್ಲ. ಆದರೆ ಬಾಟಲಿಯಲ್ಲಿ ಹಳೆಯ ಎಣ್ಣೆಯ ಒಂದು ಕಣ ಉಳಿದಿದ್ದರೆ ಅದಕ್ಕೂ ಒಂದು ಗುಡ್ಡ ಏಳುತ್ತದೆ, ಆಗ ಎಲ್ಲ ಗೊಂದಲ. ಅಲ್ಲಿಯ ಮುಖ್ಯಸ್ಥರು ಜಹೀರುದ್ದೀನ್ ಸಾಹೇಬರು. ಕಟ್ಟುನಿಟ್ಟಿನ ಮನುಷ್ಯ, ನಗು ಕಡಿಮೆ. ಆದರೆ ಬಂದವರೆದುರು, "ನಮ್ಮ ಪಾರ್ವತೀಬಾಯಿ ತೊಳದ ಬಾಟ್ಲಿ ಅಂದ್ರ ಮತ್ತೊಮ್ಮೆ ನೋಡೂದ ಬ್ಯಾಡ್ರಿ" ಎಂದು ಅವರೇ ಹೇಳುವುದನ್ನು ಪಾರ್ವತೀಬಾಯಿ ಎಷ್ಟೋ ಸಲ ಬಾಗಿಲ ಮರೆಯಿಂದ ಕೇಳಿದ್ದರು. ಅವರ ಆಸ್ತಿ ಎಂದರೆ ಅದೊಂದು ಮಾತು.

ಏಪ್ರಿಲ್ ತಿಂಗಳಲ್ಲಿ ಕಮಲಾಪುರದ ಅಣವೀರಪ್ಪ ಎಂಬ ರೈತ ಬಂದ. ಕೆಂಪು ಬಾಳೆ ಬೆಳೆಯುವವನು. ಸೋಡಾ ಬಾಟಲಿಯಲ್ಲಿ ಬಾವಿನೀರು ತಂದಿದ್ದ. ಮೇಲೆ ಕರಿ ಎಣ್ಣೆಯ ಪದರು ಕಾಮನಬಿಲ್ಲಿನ ಬಣ್ಣ ಬೀರುತ್ತಿತ್ತು.

"ಬ್ಯಾಸಿಗಿ ಬಂದು ಬಾವ್ಯಾಗ ನೀರಿಳೀತಂದ್ರ ಈ ಎಣ್ಣಿ ಕಾಣತದರೀ. ಬಾಜೂ ಹೊಲದವರು, ನಿನ್ನ ಹಳೇ ಡೀಸೆಲ್ ಇಂಜಿನ್ ಸೋರಿ ನಮ್ಮ ನೀರೂ ಕೆಡಸಾಕತ್ತದ ಅಂತಾರ. ಇನ್ನ ಊರಾಗಿನ ಹುಡುಗುರು ನನ್ನ ನೋಡಿ 'ಎಣ್ಣಿಬಾವಿ ಶೇಖ್ ಸಾಹೇಬ್ರು ಬಂದ್ರು' ಅಂತ ಸಲಾಮ್ ಹೊಡೀತಾರ. ಇಂಜಿನ್ದೋ, ಭೂಮಿತಾಯೀದೋ, ಒಂದ ಹೇಳಿಬಿಡ್ರಿ."

ಸೋಡಾ ಬಾಟಲಿಯ ನೀರು ಪರೀಕ್ಷೆಗೆ ಬರುವುದಿಲ್ಲ ಎಂದು ಸಾಹೇಬರು ಮಾದರಿ ತರುವ ತನ್ವೀರನನ್ನು ಮರುದಿನ ಪಾರ್ವತೀಬಾಯಿ ತೊಳೆದ ಬಾಟಲಿಗಳೊಂದಿಗೆ ಕಳಿಸಿದರು. ಅವನು ಬಾವಿಯ ನೀರಿನ ಜೊತೆಗೆ ಇಂಜಿನ್ನಿನ ಡೀಸೆಲ್ಲು, ಆಯಿಲ್ಲು ಎರಡನ್ನೂ ಬೇರೆ ಬೇರೆ ತುಂಬಿಕೊಂಡು ಬಂದ.

ಯಂತ್ರ ನಡೆಸುತ್ತಿದ್ದವಳು ಸಬಾ, ರಸಾಯನಶಾಸ್ತ್ರ ಓದಿದ ಚುರುಕು ಹುಡುಗಿ. ಬಾವಿನೀರಿನ ಕಾಗದ ಹೊರಬಂದಾಗ ಅವಳ ಹುಬ್ಬು ಮೇಲೇರಿತು. ಕಾಗದದ ತುಂಬ ಎದ್ದು ನಿಂತಿದ್ದದ್ದು ಕುಸುಬಿ ಎಣ್ಣೆಯ ಗುರುತು. ಅದರ ಹಿಂದೆ ಇನ್ನೇನೋ ಇತ್ತು, ಆದರೆ ಕುಸುಬಿಯ ಗದ್ದಲದಲ್ಲಿ ಅದು ಕಾಣುತ್ತಿರಲಿಲ್ಲ. ಸಾಹೇಬರು ದಾಖಲೆ ತಿರುವಿ ನೋಡಿದರು. ಅದೇ ಬಾಟಲಿಗಳಲ್ಲಿ ಹಿಂದಿನ ವಾರ ಸೂಪರ್ ಮಾರ್ಕೆಟ್‌ನ ಕುಸುಬಿ ಎಣ್ಣೆ ಇತ್ತು.

ಪಾರ್ವತೀಬಾಯಿಯನ್ನು ಕರೆಸಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಕನಿಕರ ತೋರಿಸಿದರು.

"ಬಾಯಿ, ವಯಸ್ಸಾತು. ಕಣ್ಣು ಮೊದಲಿನಂಗ ಇರಂಗಿಲ್ಲ, ನಂದೂ ಇಲ್ಲ. ಮುಂದಿನ ತಿಂಗಳಿಂದ ಒಮ್ಮೆ ಬಳಸಿ ಒಗಿಯೂ ಬಾಟ್ಲಿ ತರಸ್ತೀನಿ. ನೀವು ಟಪಾಲ್ ನೋಡಕೊಳ್ರಿ, ಪಗಾರ ಏನೂ ಕಡಿಮಿ ಆಗಂಗಿಲ್ಲ."

"ನನ್ನ ಬಾಟ್ಲಿ ಸ್ವಚ್ಛ ಇತ್ತರೀ, ಸರ್."

"ಕಾಗದ ಹಂಗ ಹೇಳವಲ್ದು, ಬಾಯಿ."

ಪಾರ್ವತೀಬಾಯಿ ಅಳಲಿಲ್ಲ, ಜಗಳವಾಡಲಿಲ್ಲ. ಸೀದಾ ಹೋಗಿ ಒಂದು ಬಾಟಲಿ ತೊಳೆದರು, ಕಾಯಿಸಿದರು, ಸಬಾಳ ಮುಂದೆ ತಂದಿಟ್ಟರು. "ಇದರಾಗ ಏನೂ ಹಾಕಬ್ಯಾಡ. ಖಾಲಿ ಬಾಟ್ಲಿನ ಪರೀಕ್ಷಾ ಮಾಡು" ಎಂದರು. ಸಬಾ ಅದರಲ್ಲಿ ಶುದ್ಧ ದ್ರವವನ್ನಷ್ಟೇ ಆಡಿಸಿ ಯಂತ್ರಕ್ಕೆ ಕೊಟ್ಟಳು. ಅರ್ಧ ಗಂಟೆಯಾದ ಮೇಲೆ ಕಾಗದ ಬಂತು. ಈ ತುದಿಯಿಂದ ಆ ತುದಿಗೆ ಒಂದೇ ಒಂದು ಗೆರೆ, ತೊಗರಿ ಕಿತ್ತ ಹೊಲದಂತೆ ಸಪಾಟು.

"ನೋಡ್ರಿ ಮೌಶಿ, ನಿಮ್ಮ ಕೆಲಸ," ಎಂದಳು ಸಬಾ.

"ಇದರಾಗ ಏನೂ ಇಲ್ಲಲ್ಲವಾ?"

"ಏನೂ ಇಲ್ಲದ್ದ ನಿಮ್ಮ ಕೆಲಸರೀ."

ಇಪ್ಪತ್ತೆರಡು ವರ್ಷದಲ್ಲಿ ಅವರು ತಮ್ಮ ಕೆಲಸವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಆ ಗೆರೆಯ ಮೇಲೆ ಕಣ್ಣಾಡಿಸುತ್ತ ಬಹಳ ಹೊತ್ತು ನಿಂತರು. ಸಾಹೇಬರೂ ನೋಡಿದರು. "ಇವತ್ತಿನ ಬಾಟ್ಲಿ ಸ್ವಚ್ಛ ಅದ. ಅವತ್ತಿಂದು ಇತ್ತೋ ಇಲ್ಲೋ, ಇದು ಹೆಂಗ ಹೇಳತದ?" ಎಂದರು. ಮಾತು ನ್ಯಾಯವಾಗಿಯೇ ಇತ್ತು. ಅದಕ್ಕೇ ಇನ್ನೂ ನೋವಾಯಿತು.

"ಮೂರು ಬಾಟ್ಲಿ ಕೊಡ್ರಿ. ಆಯಿತವಾರ ನಾನ ಕಮಲಾಪುರಕ್ಕ ಹೋಗಿ ತುಂಬಕೊಂಡು ಬರ್ತೀನಿ. ಆಮ್ಯಾಲ ಟಪಾಲ್ ನೋಡು ಅಂದ್ರ ಟಪಾಲ್ ನೋಡ್ತೀನಿ."

ಗುರುವಾರದಿಂದಲೇ ಪಾರ್ವತೀಬಾಯಿ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟರು. ಕೆನ್ನೆಗೆ ಅರಿಸಿನ ಬಿಟ್ಟರು, ಚಪಾತಿಗೆ ತುಪ್ಪ ಸವರುವುದನ್ನೂ ಬಿಟ್ಟರು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ ಗಂಡ ಗೋಪಾಲರಾಯರು ಒಣ ಚಪಾತಿ ಮುರಿಯುತ್ತ, "ಇದು ಯಾವ ದೇವರ ವ್ರತ? ನನಗೂ ಯಾಕ ಶಿಕ್ಷಾ?" ಎಂದು ಗೊಣಗಿದರು. ಪಾರ್ವತೀಬಾಯಿಗೆ ತಮ್ಮ ಅಜ್ಜಿಯ ನೆನಪಾಯಿತು. ಅಜ್ಜಿ ಮಡಿಸೀರೆ ಉಟ್ಟು ಒಳಗೆ ಹೋದಳೆಂದರೆ ಮೊಮ್ಮಕ್ಕಳೂ ಅವಳನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಅಡಿಗೆ. ಗಾಜು ತೊಳೆಯುವ ಕೆಲಸಕ್ಕೆ ಸೇರಿದ ಮೊದಲ ದಿನವೇ ಪಾರ್ವತೀಬಾಯಿಗೆ ಇದು ಅಜ್ಜಿಯ ಅಡಿಗೆಮನೆಯೇ ಎನಿಸಿತ್ತು. ಅದಕ್ಕೇ ಯಾರೂ ಕಲಿಸದೆ ಕೆಲಸ ಬಂದುಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಕಮಲಾಪುರದ ಬಸ್ಸು ಹಿಡಿದರು. ಒಗೆದು ಇಸ್ತ್ರಿ ಮಾಡಿದ ಚೀಲದಲ್ಲಿ ಮೂರು ಬಾಟಲಿ, ರಬ್ಬರು ಕೈಗವಸಿನ ಒಂದು ಜೋಡಿ. ಮಹಾಗಾಂವ ಕ್ರಾಸಿನಲ್ಲಿ ಒಬ್ಬಾಕೆ ಹತ್ತಿ ಬಿಸಿ ಮಿರ್ಚಿ ಭಜಿಯ ಪೊಟ್ಟಣ ಬಿಚ್ಚಿಕೊಂಡು ಪಕ್ಕದಲ್ಲೇ ಕೂತಳು. ಪಾರ್ವತೀಬಾಯಿ ಧಡಕ್ಕನೆ ಎದ್ದು, ಚೀಲವನ್ನು ಎದೆಗೆ ಅವಚಿಕೊಂಡು ಕಮಲಾಪುರದವರೆಗೂ ನಿಂತೇ ಹೋದರು. ಆಕೆ ಏನು ತಿಳಿದುಕೊಂಡಳೋ, ಅವಳ ಪುಣ್ಯ.

ಅಣವೀರಪ್ಪ ಹೊಲದ ಬದುವಿನವರೆಗೂ ಎದುರು ಬಂದ. ಚಹಾ ಎಂದ, ಬೇಡವೆಂದರು. ಬಾಳೆಹಣ್ಣು ಎಂದ, ಅದೂ ಬೇಡವೆಂದರು. ಅವನ ಮುಖ ಸ್ವಲ್ಪ ಸಣ್ಣದಾಯಿತು.

"ಅಣವೀರಪ್ಪನವರ, ಅವತ್ತ ನಮ್ಮ ತನ್ವೀರ್ ಬರೂಕಿಂತ ಮೊದಲ ಬಾವ್ಯಾಗ ಏನರೆ ಹಾಕಿದ್ರೇನು?"

"ಛೇ ಛೇ, ಏನೂ ಹಾಕಿಲ್ರಿ ಅವ್ವಾರ!"

ಬಾವಿ ಹಳೆಯದು, ಕರಿಕಲ್ಲಿನ ಮೆಟ್ಟಿಲುಗಳದು. ಮೊದಲ ಮೆಟ್ಟಿಲಿನ ಪಕ್ಕದ ಗೂಡಿನಲ್ಲಿ ಕುಂಕುಮ, ಎಲೆಯ ದೊನ್ನೆ, ಉರಿದು ಆರಿದ ಬತ್ತಿ. ಪಾರ್ವತೀಬಾಯಿ ಬಗ್ಗಿ ಮೂಸಿದರು. ಕುಸುಬಿ ಎಣ್ಣೆ.

"ಇದೇನು?"

"ನೀರಿನ ದೇವರು, ಗಂಗಿಮಾಳವ್ವಂದು. ಪರೀಕ್ಷಾ ಮಾಡವ್ರು ಬರತಾರ, ಚಲೋ ಆಗಲಿ ಅಂತ ಅವತ್ತ ಮುಂಜಾನೆ ದೀಪ ಹಚ್ಚಿ, ಪಾವಶೇರ ಎಣ್ಣಿ ನೀರಿಗೆ ಬಿಟ್ಟು ಕೈ ಮುಗದಿದ್ದೆ."

"ಏನೂ ಹಾಕಿಲ್ಲ ಅಂದ್ರಲ್ಲ ಈಗ!"

"ಹಾಕೂದು ಬ್ಯಾರೆ, ದೇವರಿಗಿ ಕೊಡೂದು ಬ್ಯಾರೆ ಅಲ್ಲೇನ್ರಿ?"

ಪಾರ್ವತೀಬಾಯಿಗೆ ಸಿಟ್ಟು ಬರಬೇಕಿತ್ತು, ಆದರೆ ಕಣ್ಣಲ್ಲಿ ನೀರು ಬಂತು. ತಮ್ಮ ಬಾಟಲಿಯದು ತಪ್ಪಿರಲಿಲ್ಲ. "ಇವತ್ತೂ ಬಿಟ್ಟೀರೇನು?" ಎಂದು ಕೇಳಿದರು.

"ಇವತ್ತ ಅರ್ಧಾ ಶೇರ ಬಿಟ್ಟೀನ್ರಿ. ನೀವ ಖುದ್ದ ಬರಾಕತ್ತೀರಿ ಅಂದ್ರು."

ಹಣೆ ಹಣೆ ಬಡಿದುಕೊಳ್ಳುವುದೊಂದು ಬಾಕಿ. ಅಷ್ಟಕ್ಕೇ ಹಿಂದಿರುಗಿ ಈ ಕತೆ ಹೇಳಿದ್ದರೂ ಸಾಹೇಬರು ಬಹುಶಃ ನಂಬುತ್ತಿದ್ದರು. ಆದರೆ ಬಹುಶಃ ಎನ್ನುವ ಮಾತು ಪಾರ್ವತೀಬಾಯಿಗೆ ಸಾಕಾಗಲಿಲ್ಲ. ಬಾಟಲಿಯ ಮೇಲೆ ಬಂದ ಮಾತಿಗೆ ಬಾಟಲಿಯೇ ಉತ್ತರ ಕೊಡಬೇಕು. ಮೇಲಿನ ನೀರಿನಲ್ಲಿ ಕುಸುಬಿ ತೇಲುತ್ತಿದೆ, ಸರಿ, ಕರಿ ಎಣ್ಣೆ ಎಲ್ಲಿಂದ ಒಸರುತ್ತದೋ ಆ ಬಾಯಿಯಲ್ಲೇ ಹಿಡಿಯುತ್ತೇನೆ ಎಂದುಕೊಂಡು ಕೈಗವಸು ತೊಟ್ಟು ಇಳಿಯತೊಡಗಿದರು.

ನಲವತ್ತಕ್ಕೂ ಹೆಚ್ಚು ಮೆಟ್ಟಿಲು. ಹತ್ತನೆಯದರಲ್ಲಿ ಕಾಲು ಅಳುಕಿತು. ಹಿಂದಿದ್ದ ಅಣವೀರಪ್ಪ ಆಸರೆಗೆಂದು ಕೈ ಚಾಚಿದ.

"ಮುಟ್ಟಬ್ಯಾಡ್ರಿ!"

ಆ ಕೂಗು ಬಾವಿಯ ಗೋಡೆಗೆ ಬಡಿದು ಎರಡು ಸಲ ಕೇಳಿಸಿತು. ಅಣವೀರಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಮೆಲ್ಲಗೆ ಹೇಳಿದ, "ನಮ್ಮಪ್ಪ ನಿಮ್ಮಂಥಾವ್ರ ವಾಡೇಕ ಬಾಳಿಗೊನಿ ಹೊತ್ತು ಒಯ್ತಿದ್ದರೀ. ಕಟ್ಟಿ ಮ್ಯಾಲ ಇಟ್ಟು ಹತ್ತು ಮಾರು ದೂರ ನಿಂದರಬೇಕಾಗಿತ್ತು. ಅದೆಲ್ಲಾ ಮುಗೀತು ಅನಕೊಂಡಿದ್ದೆ."

ಪಾರ್ವತೀಬಾಯಿಯ ಮೈಯೆಲ್ಲ ಹಿಡಿಯಾಯಿತು. ಅಜ್ಜಿ ಅದೇ ದನಿಯಲ್ಲಿ ಕೂಗುತ್ತಿದ್ದಳು, ಅದೇ ಶಬ್ದ. ಏನು ಹೇಳಿದರೂ ನೆವವಾಗುತ್ತದೆ ಎನಿಸಿ ತಲೆ ತಗ್ಗಿಸಿ ಇಳಿದರು. ಅವನು ಮೂರು ಮೆಟ್ಟಿಲು ಅಂತರ ಬಿಟ್ಟು ಹಿಂದೆ ಬಂದ.

ಕೆಳಗೆ ನೀರಿಗಿಂತ ಒಂದು ಮೊಳ ಮೇಲೆ ಕರಿಕಲ್ಲಿನಲ್ಲಿ ಕೂದಲೆಳೆಯಷ್ಟು ಸೀಳು. ಅಲ್ಲಿ ಒಂದು ಹನಿ ಊರುತ್ತಿತ್ತು. ಕಂದೋ ಕಪ್ಪೋ ಹೇಳಲಾಗದ ಬಣ್ಣ, ಒಳಗೆ ಮಾತ್ರ ಜೇನಿನ ಹೊಳಪು. ಹೊಸ ರಸ್ತೆಗೆ ಡಾಂಬರು ಹಾಕಿದಾಗಿನಂಥ ವಾಸನೆ. ಅದು ತುಂಬಿಕೊಳ್ಳುತ್ತ, ತುಂಬಿಕೊಳ್ಳುತ್ತ, ಬೀಳಲೋ ಬೇಡವೋ ಎಂದು ಯೋಚಿಸುತ್ತ, ಎಷ್ಟೋ ಹೊತ್ತಿಗೆ ತೊಟ್ಟಿಕ್ಕಿತು. ಪಾರ್ವತೀಬಾಯಿ ಬಾಟಲಿಯ ಬಾಯನ್ನು ಅದರ ಕೆಳಗೆ ಒಡ್ಡಿ ಕುಕ್ಕರಗಾಲಿನಲ್ಲಿ ಕೂತರು. ಮೇಲೆ ಬಿಸಿಲು ಧಗಧಗ, ಕೆಳಗೆ ತಣ್ಣನೆ ನೆರಳು, ಸದ್ದೇ ಇಲ್ಲ. ಯಾರೂ ಕೇಳದೆ, ಯಾರಿಗೂ ಹೇಳದೆ ನೆಲವೊಂದು ಹೀಗೆ ತನ್ನಷ್ಟಕ್ಕೆ ಒಸರುತ್ತಿದೆಯಲ್ಲ ಎಂದು ಅವರು ಒಂದೊಂದು ಹನಿಯನ್ನೂ ಕಣ್ಣು ಕೀಲಿಸಿ ನೋಡಿದರು. ಅಣವೀರಪ್ಪನೂ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತ.

ಮೊದಲ ಬಾಟಲಿಯ ತಳ ತುಂಬಿದ ಮೇಲೆ ಪಾರ್ವತೀಬಾಯಿ ಬಾಯಿ ಬಿಟ್ಟರು. "ನಿಮ್ಮ ಕೈಯಷ್ಟ ಅಲ್ಲ ಅಣವೀರಪ್ಪನವರ, ನನ್ನ ಕೈನೂ ನಾ ಮುಟ್ಟಂಗಿಲ್ಲ ಇವತ್ತ. ಮನಷ್ಯಾರ ಮೈಯಾಗಿನ ಎಣ್ಣಿ ತಾಗಿದ್ರ ಆ ಯಂತ್ರ ಹಿಡದಬಿಡತದ. ಅದಕ್ಕ ಮೂರು ದಿನ ತಲಿಗಿ ಎಣ್ಣಿ ಹಚ್ಚಿಲ್ಲ, ನಿಮ್ಮ ಚಹಾ ಕುಡದಿಲ್ಲ. ಆದ್ರ ನಾ ಒದರಿದ ರೀತಿ ತಪ್ಪು. ನಮ್ಮ ಮನ್ಯಾಗ ಆ ಮಾತು ಯಾರಿಗಿ ಆಡ್ತಿದ್ರು ಅಂಬೂದು ನನಗ ಗೊತ್ತದ."

ಅವನು ನಂಬಿದನೋ ಇಲ್ಲವೋ, "ಇರಲಿ ಬಿಡ್ರಿ" ಎಂದ. ಎರಡನೆಯ ಬಾಟಲಿಯೂ ಆಯಿತು.

ಮೂರನೆಯದನ್ನು ಎತ್ತಿಕೊಳ್ಳಲೆಂದು ಎದ್ದಾಗ ಜೋಮು ಹಿಡಿದ ಕಾಲು ಕೈಕೊಟ್ಟಿತು. ಪಾರ್ವತೀಬಾಯಿ ನೀರಿನ ಕಡೆಗೆ ವಾಲಿದರು. ಅಣವೀರಪ್ಪ ಹಾರಿ ಬಂದು ಅವರ ಕೈ ಹಿಡಿದ. ರಬ್ಬರು ಕೈಗವಸು ಕಲ್ಲಿಗೆ ಸಿಕ್ಕು ಅಂಗೈಯುದ್ದಕ್ಕೂ ಹರಿಯಿತು. ಒಂದು ಗಳಿಗೆ ಇಬ್ಬರೂ ಹಾಗೇ ನಿಂತರು, ಅವರ ಬೆವರಿದ ಅಂಗೈ ಅವನ ಒರಟು ಅಂಗೈಯಲ್ಲಿ.

"ಮುಟ್ಟಿಬಿಟ್ನಲ್ರೀ," ಎಂದ ಅವನು ಹೆದರಿ.

"ಮುಟ್ಟಿದ್ದಕ್ಕ ಉಳದೀನಿ," ಎಂದರು ಅವರು.

ಬೇರೆ ಕೈಗವಸು ಇರಲಿಲ್ಲ. ಮೂರನೆಯ ಬಾಟಲಿಯನ್ನು ಖಾಲಿ ಒಯ್ಯಬಹುದಿತ್ತು. ಆದರೆ ಮೂರು ಎಂದು ಹೇಳಿ ಬಂದಿದ್ದರು. ಹರಿದ ಕೈಗವಸಿನಲ್ಲೇ ಹಿಡಿದು ತುಂಬಿದರು. ಆಮೇಲೆ ಮೇಲೆ ಬಂದು ನೆರಳಲ್ಲಿ ಕೂತು ಚೀಟಿ ಬರೆಯುವಾಗ ಪೆನ್ನು ನಿಂತಿತು. ಒಂದು, ಎರಡು, ಸರಿ. ಮೂರರ ಮೇಲೆ ಏನು ಬರೆಯಬೇಕು? ಬರೆದರೆ, ನೋಡಿ ಬಾಯಿಯ ಕೈಯಿಂದಲೇ ಕೆಟ್ಟಿತು ಎಂದು ಸಾಹೇಬರ ಕೈಗೆ ತಾವಾಗಿಯೇ ಸಾಕ್ಷಿ ಕೊಟ್ಟಂತೆ. ಗಾಜಿನ ಕೆಲಸ ಹೋಗಿ ಟಪಾಲು ಬರುತ್ತದೆ. ಬರೆಯದಿದ್ದರೆ ಯಾರಿಗೂ ತಿಳಿಯದೆಯೂ ಇರಬಹುದು, ತೊಟ್ಟಷ್ಟು ಬೆವರು ತಾನೆ. ಕೊನೆಗೆ ಬರೆದರು: 'ಕೈಗವಸು ಹರಿದಿದೆ. ಕೈ ತಾಗಿದೆ.'

ಆಮೇಲೆ ಬಾಳೆಹಣ್ಣು ಎಲ್ಲಿ ಎಂದು ಕೇಳಿ, ಒಂದಲ್ಲ ಎರಡಲ್ಲ, ನಾಲ್ಕು ಕೆಂಪು ಬಾಳೆಹಣ್ಣು ತಿಂದರು. ಅಣವೀರಪ್ಪ ಸುಲಿದು ಸುಲಿದು ಕೊಟ್ಟ.

ಸೋಮವಾರ ಮಧ್ಯಾಹ್ನ ಸಬಾ ಮೊದಲ ಎರಡು ಬಾಟಲಿಯ ಕಾಗದಗಳನ್ನು ಮೇಜಿನ ಮೇಲೆ ಹಾಸಿದಳು. ಬಾವಿಗೆ ಬಿಟ್ಟ ಎಣ್ಣೆಯ ಕತೆಯನ್ನು ಪಾರ್ವತೀಬಾಯಿ ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದರು. ಕುಸುಬಿಯ ಗುರುತು ಹುಡುಕಿದರೂ ಇಲ್ಲ. ಎರಡೂ ಕಾಗದ ಅಚ್ಚು ಹೊಡೆದಂತೆ ಒಂದೇ.

"ಇಂಜಿನ್ನಿನ ಡೀಸೆಲ್, ಆಯಿಲ್ ಎರಡೂ ಜೋಡಿಸಿ ನೋಡೀನಿ ಸರ್, ಯಾವುದೂ ಹೊಂದಂಗಿಲ್ಲ. ಇದು ನೆಲದಾಗಿನ ಕಚ್ಚಾ ಎಣ್ಣಿ. ಇಲ್ಲಿ ನೋಡ್ರಿ. ಹೂ ಬಿಡೂ ಗಿಡಗಳಿಂದ ಆದ ಎಣ್ಣಿಗಿ ಇಲ್ಲೊಂದು ಗುಡ್ಡ ಇರತದ, ಇದಕ್ಕಿಲ್ಲ. ದೇವದಾರಿನಂಥ ಮರಗಳ ಗುರುತು, ಅದೂ ಇಲ್ಲ. ಇರೂದು ಬರೇ ಕಣ್ಣಿಗಿ ಕಾಣದ ಸಣ್ಣ ಜೀವಗಳ ಗುರುತು."

"ಅಂದ್ರ ಎಷ್ಟು ಹಳೇದವಾ?" ಎಂದರು ಪಾರ್ವತೀಬಾಯಿ.

"ಖಾತ್ರಿಗಿ ದೊಡ್ಡ ಲ್ಯಾಬಿಗಿ ಕಳಸಬೇಕು ಮೌಶಿ. ಆದ್ರ ಕಮಲಾಪುರದ ಕರಿಕಲ್ಲಿನ ಬುಡಕ್ಕ ನಮ್ಮ ಶಹಾಬಾದ್ ಕಲ್ಲಿನಂಥಾ ಸುಣ್ಣದಕಲ್ಲು ಇದ್ರ, ಅದು ಒಂದು ಕಾಲಕ್ಕ ಸಮುದ್ರದ ಕೆಸರು. ಐವತ್ತು ಅರವತ್ತು ಕೋಟಿ ವರ್ಷಕ್ಕಿಂತ ಹಿಂದಿಂದು. ಆಗ ನೆಲದ ಮ್ಯಾಲ ಒಂದು ಹುಲ್ಲಿನೆಳಿ ಇದ್ದಿಲ್ಲ. ಸಮುದ್ರದಾಗ ಮೀನೂ ಇದ್ದಿಲ್ಲ. ಆ ಸಣ್ಣ ಜೀವಗಳು ಸತ್ತು ಕೆಸರಿಗಿ ಬಿದ್ದು ಎಣ್ಣಿ ಆಗಿ, ಈಗ ಅಣವೀರಪ್ಪನವರ ಬಾವ್ಯಾಗ ಹನಿ ಹನಿ ಹೊರಗ ಬರಾಕತ್ತಾವ."

ಪಾರ್ವತೀಬಾಯಿ ಕಾಲ ಕೆಳಗಿನ ಶಹಾಬಾದ್ ಫರ್ಸಿಯನ್ನು ನೋಡಿದರು. ಹುಟ್ಟಿದ ಮನೆಯಲ್ಲೂ ಅದೇ ಕಲ್ಲು, ಕೊಟ್ಟ ಮನೆಯಲ್ಲೂ ಅದೇ ಕಲ್ಲು. ಅದರ ಮೇಲೆ ಅಂಬೆಗಾಲಿಟ್ಟದ್ದು, ಅದರ ಮೇಲೆ ರಂಗೋಲಿ ಹಾಕಿದ್ದು, ಅದನ್ನೇ ಜೀವಮಾನವೆಲ್ಲ ಸಾರಿಸಿದ್ದು. ಸಮುದ್ರದ ತಳದಲ್ಲಿ ನಿಂತಿದ್ದೇನೆ ಎಂದು ಯಾರೂ ಹೇಳಿರಲಿಲ್ಲ. ಅವರು ಮೆಲ್ಲನೆ ಚಪ್ಪಲಿ ಕಳಚಿ ಬರಿಗಾಲಿನಲ್ಲಿ ನಿಂತರು.

ಜಹೀರುದ್ದೀನ್ ಸಾಹೇಬರು ಮೂರನೆಯ ಕಾಗದ ಎತ್ತಿಕೊಂಡರು. ಅದರಲ್ಲೂ ಅವೇ ಗುಡ್ಡಗಳು. ಆದರೆ ಕೊನೆಯ ಕಡೆಗೆ ಒಂದು ಪುಟ್ಟ ಗುಡ್ಡ ಹೆಚ್ಚಿಗೆ, ಒಂಟಿಯಾಗಿ ನಿಂತಿತ್ತು.

"ಇದೇನು?"

"ಮನಷ್ಯಾರ ಚರ್ಮದ ಎಣ್ಣಿ, ಸರ್."

ಸಾಹೇಬರು ಬಾಟಲಿಯ ಚೀಟಿ ಓದಿದರು. ಕಾಗದ ನೋಡಿದರು. ಮತ್ತೆ ಚೀಟಿ ಓದಿದರು. ಆಮೇಲೆ ಕನ್ನಡಕ ತೆಗೆದು, ಪಾರ್ವತೀಬಾಯಿಯ ಮುಖ ನೋಡಲಾಗದೆ ಕಿಟಕಿಯ ಕಡೆ ತಿರುಗಿ ಹೇಳಿದರು, "ಬಾಯಿ, ತೊಟ್ಟು ಬೆವರು ತಾಗಿದ್ದು ಬರದವರು ಅವತ್ತ ಎಣ್ಣಿ ಬಾಟ್ಲಿ ತೊಳೀದ ಕೊಟ್ಟಾರು ಅಂತ ನಾ ಹೆಂಗ ಅನಕೊಂಡೆ? ಮಾಫ್ ಮಾಡ್ರಿ. ಒಗಿಯೂ ಬಾಟ್ಲಿ ಬ್ಯಾಡ. ನೀವ ಇರ್ರಿ."

ಅಷ್ಟು ಸಾಕಿತ್ತು. ಆದರೂ ಪಾರ್ವತೀಬಾಯಿ ಹೋಗಲಿಲ್ಲ, ಆ ಪುಟ್ಟ ಗುಡ್ಡದ ಮೇಲೆ ಬಗ್ಗಿದರು. "ಸಬಾ, ಅವತ್ತ ಇಬ್ಬರದು ಕೈ ತಾಗಿತ್ತು. ಇದು ನಂದೋ, ಅಣವೀರಪ್ಪಂದೋ?"

"ಅದು ಗೊತ್ತಾಗಂಗಿಲ್ಲರೀ ಮೌಶಿ. ಎಲ್ಲಾರದೂ ಒಂದ ಥರ ಇರತದ. ಮನಷ್ಯಾರದು ಅಂತ ಅಷ್ಟ ಹೇಳಬಹುದು."

ಸಂಜೆ ಪಾರ್ವತೀಬಾಯಿ ಕಮಲಾಪುರಕ್ಕೆ ಫೋನು ಹಚ್ಚಿದರು. ಎಣ್ಣೆ ಇಂಜಿನ್ನಿನದಲ್ಲ, ಭೂಮಿತಾಯಿಯದು, ಹುಲ್ಲು ಹುಟ್ಟುವುದಕ್ಕೂ ಮುಂಚಿನದು ಎಂದರು. ಹನಿ ಹನಿ ತೊಟ್ಟಿಕ್ಕುವ ಎಣ್ಣೆಯಿಂದ ಶೇಖ್ ಆಗುವ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಅಣವೀರಪ್ಪ ಆ ಕಡೆ ದೊಡ್ಡದಾಗಿ ನಕ್ಕ. ಆಮೇಲೆ, "ಕೈ ತಾಗಿದ ಬಾಟ್ಲಿ ಏನಾತ್ರಿ? ನಿಮಗ ಬೈದ್ರೇನು?" ಎಂದು ಕೇಳಿದ.

"ಇಲ್ಲ. ಅದರಾಗ ನಾವಿಬ್ಬರೂ ಸಿಕ್ಕೀವಿ. ಆದ್ರ ಯಾವುದು ನಿಮ್ಮದು, ಯಾವುದು ನಂದು ಅಂತ ಆ ಯಂತ್ರಕ್ಕ ತಿಳೀವಲ್ದು. ಎರಡೂ ಸೇರಿ ಒಂದ ಗುಡ್ಡ ಎದ್ದದ."



"ಅವ್ವಾರ," ಎಂದ ಅಣವೀರಪ್ಪ. "ಆ ಕಾಗದದ್ದು ಒಂದು ಕಾಪಿ ನನಗ ಬೇಕ್ರಿ. ನಮ್ಮಪ್ಪ ಇದ್ದಿದ್ರ, ಓದಿ ಹೇಳ್ತಿದ್ದೆ."